ಸಹಪಾಠಿಗಳಿಂದ ಮಕ್ಕಳ ಪೀಡನೆ: ಪಾಲಕರ ಕೆಲವು ತಪ್ಪು ಕಲ್ಪನೆಗಳು

ಶಾಲೆಗೆ ಹೋಗುವ ಮಗುವಿನ ಆಹಾರ, ಆರೋಗ್ಯ, ಅಂಕಗಳು ಇವುಗಳ ಬಗ್ಗೆ ಪಾಲಕರು ಸಾಕಷ್ಟು ಎಚ್ಚರ ವಹಿಸುತ್ತಾರೆ. ಆದರೆ ಆ ಮಗು ತನ್ನ ಓರಗೆಯವರ ನಡುವೆ ದಿನದ ಆರೇಳು ಗಂಟೆಗಳನ್ನು ಹೇಗೆ ಕಳೆಯುತ್ತದೆ ಎಂದು ವಿಚಾರಿಸುವವರು ವಿರಳ. ಒಂದು ಮಗುವನ್ನು ಅದರ ಸಹಪಾಠಿಗಳೇ ದಿನದಿನವೂ ಅಣಕಿಸುವುದು, ಹೆದರಿಸುವುದು, ಹೊಡೆಯುವುದು, ಅದರ ವಸ್ತುಗಳನ್ನು ಕಸಿದುಕೊಳ್ಳುವುದು, ಆಟದಿಂದ ಹೊರಗಿಡುವುದು ಇವೆಲ್ಲ ನಮ್ಮ ಶಾಲೆಗಳಲ್ಲಿ ಅಪರೂಪದ ಸಂಗತಿಗಳಲ್ಲ. ಅಪರೂಪವಾಗಿರುವುದು ಇವುಗಳ ಬಗ್ಗೆ ಹಿರಿಯರಿಗೆ ಇರಬೇಕಾದ ಸರಿಯಾದ ತಿಳಿವಳಿಕೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಬುಲ್ಲಿಯಿಂಗ್' ಎಂಬ ಒಂದೇ ಪದವಿದೆ. ಕನ್ನಡದಲ್ಲಿ ಹುಡುಕಿದರೆ ಹಲವು ಪದಗಳು ದೊರೆಯುತ್ತವೆ: ಕೀಟಲೆ, ಚೇಷ್ಟೆ, ರೇಗಿಸುವುದು, ಛೇಡಿಸುವುದು, ಗೋಳು ಹೊಯ್ದುಕೊಳ್ಳುವುದು. ಪುಣೆಯ ಕನ್ನಡಿಗರ ಕಿವಿಗೆ ಮರಾಠಿಯ 'ಚಿಡವಣೆ', 'ತ್ರಾಸ ದೇಣೆ', 'ದಾದಾಗಿರಿ' ಎಂಬ ಮಾತುಗಳೂ ಪರಿಚಿತ. ಭಾಷಾಂತರದ ಕೆಲಸದಲ್ಲಿರುವವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಈ ಪದಗಳಲ್ಲಿ ಹೆಚ್ಚಿನವು ನಗೆಯ ಛಾಯೆಯನ್ನು ಹೊಂದಿವೆ. 'ಹುಡುಗರು ಕೀಟಲೆ ಮಾಡುತ್ತಿದ್ದಾರೆ' ಎಂದೊಡನೆ ಕೇಳಿದವರ ಮುಖದಲ್ಲಿ ಮುಗುಳ್ನಗೆ ಮೂಡುತ್ತದೆ. ನೋವನ್ನು ಅನುಭವಿಸುವ ಮಗು ಆ ವಾಕ್ಯದಲ್ಲಿ ಕಾಣಿಸುವುದೇ ಇಲ್ಲ. ಆದಕಾರಣ ಈ ಲೇಖನದಲ್ಲಿ ತುಸು ಭಾರವೆನಿಸಿದರೂ 'ಪೀಡನೆ' ಎಂಬ ಪದವನ್ನೇ ಬಳಸಲಾಗಿದೆ.

ಪೀಡನೆಯೆಂದರೇನು?

ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಮೊದಲಿಗರು ಸ್ವೀಡನ್ನಿನಲ್ಲಿ ಜನಿಸಿ ನಾರ್ವೆಯಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯುಸ್ (1931-2020). ಅವರ ಮೊದಲ ಗ್ರಂಥ ಪ್ರಕಟವಾದದ್ದು 1973ರಲ್ಲಿ. 1982ರಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಬಾಲಕರು ಆತ್ಮಹತ್ಯೆಯಿಂದ ಮರಣ ಹೊಂದಿದರು. ಸಹಪಾಠಿಗಳ ಪೀಡನೆಯೇ ಅದಕ್ಕೆ ಕಾರಣವೆಂದು ಶಂಕಿಸಲಾಯಿತು. ಮರುವರ್ಷ ಆ ದೇಶದ ಸರ್ಕಾರ ಎಲ್ಲ ಶಾಲೆಗಳಲ್ಲೂ ಪೀಡನೆಯ ವಿರುದ್ಧ ಅಭಿಯಾನವನ್ನು ಕೈಗೊಂಡಿತು. ಓಲ್ವೇಯುಸ್ ಅವರು ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಮತ್ತು ಉಭಯರ ನಡುವೆ ಬಲದ ಅಸಮಾನತೆ. ಈ ಮೂರರಲ್ಲಿ ಕೊನೆಯದನ್ನು ಓದುಗರು ವಿಶೇಷವಾಗಿ ನೆನಪಿಡಬೇಕು. ಸಮಬಲರಾದ ಇಬ್ಬರು ಹುಡುಗರು ಚೆಂಡಿಗಾಗಿ ಕಿತ್ತಾಡುವುದು ಜಗಳ. ನಾಲ್ವರು ಸೇರಿ ಒಬ್ಬನ ಚೆಂಡನ್ನು ದಿನವೂ ಕಸಿಯುವುದು ಜಗಳವಲ್ಲ. ಬಲವೆಂದರೆ ತೋಳ್ಬಲವೊಂದೇ ಅಲ್ಲ. ಸಂಖ್ಯೆ, ವಯಸ್ಸು, ಹಣ, ಜಾತಿ, ಭಾಷೆ, ತರಗತಿಯಲ್ಲಿನ ಜನಪ್ರಿಯತೆ ಎಲ್ಲವೂ ಬಲವೇ.

ಖಾಲಿ ಡಬ್ಬಿಯ ಪ್ರಸಂಗ

ಈ ಲೇಖಕರ ಪರಿಚಯದ ಒಂದು ಕುಟುಂಬ ಕೆಲವು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯಿಂದ ಪುಣೆಗೆ ಬಂದು ನೆಲೆಸಿತು. ತಂದೆಗೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಮಗನನ್ನು ಮನೆಗೆ ಹತ್ತಿರದ ಮರಾಠಿ ಮಾಧ್ಯಮದ ಶಾಲೆಯ ಐದನೆಯ ತರಗತಿಗೆ ಸೇರಿಸಲಾಯಿತು. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲವೂ ನಪುಂಸಕ ಲಿಂಗ. ಮರಾಠಿಯಲ್ಲಿ ಹಾಗಲ್ಲ, ಪಂಖಾ ಪುಲ್ಲಿಂಗ, ಖುರ್ಚಿ ಸ್ತ್ರೀಲಿಂಗ, ಟೇಬಲ್ ನಪುಂಸಕ. ಹುಡುಗ ಬಾಯಿ ತೆರೆದಾಗಲೆಲ್ಲ ಒಂದಲ್ಲ ಒಂದು ಲಿಂಗ ತಪ್ಪುತ್ತಿತ್ತು, ತರಗತಿ ನಗುತ್ತಿತ್ತು. ಮೊದಲ ವಾರದಲ್ಲೇ ಅವನಿಗೆ 'ಯಂಡು-ಗುಂಡು' ಎಂಬ ಅಡ್ಡಹೆಸರು ಬಿತ್ತು. ದಕ್ಷಿಣದ ಭಾಷೆಗಳನ್ನು ಅಣಕಿಸಲು ಅಲ್ಲಿ ಬಳಕೆಯಲ್ಲಿರುವ ಹಳೆಯ ಮಾತದು. (ಇದರಿಂದ ಮರಾಠಿ ಮಕ್ಕಳ ಮೇಲೆ ದೋಷ ಹೊರಿಸಿದಂತಾಗಬಾರದು. ಬೆಂಗಳೂರಿನ ಶಾಲೆಗೆ ಹೊಸದಾಗಿ ಸೇರಿದ ಪರಭಾಷೆಯ ಮಗುವನ್ನು ಕೇಳಿದರೆ ಅದೂ ಇಂತಹುದೇ ಒಂದು ಹೆಸರನ್ನು ಹೇಳೀತು.)

ತಾಯಿಗೆ ಇದೊಂದೂ ತಿಳಿಯದು. ಊರಿನಲ್ಲಿದ್ದಾಗ ಡಬ್ಬಿಯಲ್ಲಿ ಅರ್ಧ ಉಳಿಸಿ ತರುತ್ತಿದ್ದ ಮಗ ಈಗ ದಿನವೂ ಡಬ್ಬಿ ಖಾಲಿ ಮಾಡಿ ತರುತ್ತಿದ್ದಾನೆಂದು ಆಕೆಗೆ ಸಂತೋಷವೇ. ಸಂಜೆ ಮನೆಗೆ ಬಂದವನು ಚಪ್ಪಲಿ ಕಳಚುವ ಮುನ್ನವೇ ಶೌಚಾಲಯಕ್ಕೆ ಓಡುತ್ತಿದ್ದ, ಅನಂತರ ಅಡುಗೆಮನೆಗೆ ಬಂದು ಎರಡು ರೊಟ್ಟಿಗಳನ್ನು ಒಂದೇ ಉಸಿರಿಗೆ ತಿನ್ನುತ್ತಿದ್ದ. ಬೆಳೆಯುವ ವಯಸ್ಸು ಎಂದುಕೊಂಡರು. ಎರಡು ಬಾರಿ ಅಂಗಿಯ ಜೇಬು ಹರಿದಿತ್ತು. ಆಟದಲ್ಲಿ ಹರಿದಿರಬೇಕು ಎಂದುಕೊಂಡರು. ಹೀಗೆ ಮೂರು ತಿಂಗಳು ಕಳೆದವು. ಒಂದು ದಿನ ಮನೆಯಲ್ಲಿ ಬೇರೆ ತರಕಾರಿಯಿಲ್ಲದೆ ಹಾಗಲಕಾಯಿ ಪಲ್ಯ ಹಾಕಿ ಕಳುಹಿಸಿದರು. ಹಾಗಲಕಾಯಿಯನ್ನು ಆ ಹುಡುಗ ಹುಟ್ಟಿದಂದಿನಿಂದ ಬಾಯಿಗಿಟ್ಟವನಲ್ಲ. ಅಂದೂ ಡಬ್ಬಿ ತೊಳೆದಿಟ್ಟಂತೆ ಖಾಲಿಯಾಗಿ ಬಂದಿತು.

"ಖರೇ ಹೇಳಪ್ಪಾ, ನಿನ್ನ ಡಬ್ಬಿ ಯಾರು ತಿಂತಾರ?" ಎಂದು ತಾಯಿ ಕೇಳಿದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು ಕೊಟ್ಟ ಉತ್ತರ ಇಷ್ಟೇ: "ಅವ್ವಾ, ನೀ ಸಾಲಿಗೆ ಬರಬ್ಯಾಡ."

'ತೊಂದರೆಯಿದ್ದರೆ ಮಗು ಹೇಳುತ್ತಿತ್ತು'

ಪಾಲಕರಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಇದು ಅತ್ಯಂತ ವ್ಯಾಪಕವಾದುದು, ಅತ್ಯಂತ ಹಾನಿಕರವಾದುದೂ ಹೌದು. 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ 2007ರಲ್ಲಿ ಮಹಾರಾಷ್ಟ್ರದ ಮಕ್ಕಳ ವೈದ್ಯರ ಒಂದು ಅಧ್ಯಯನ ಪ್ರಕಟವಾಯಿತು. 8ರಿಂದ 12 ವರ್ಷ ವಯಸ್ಸಿನ 500 ಶಾಲಾ ಮಕ್ಕಳನ್ನು ಅವರು ಸಂದರ್ಶಿಸಿದ್ದರು. ಅವರಲ್ಲಿ 157 ಮಕ್ಕಳು, ಅಂದರೆ ಶೇಕಡಾ 31.4ರಷ್ಟು ಮಂದಿ, ತಾವು ಪೀಡನೆಗೆ ಒಳಗಾಗಿರುವುದಾಗಿ ತಿಳಿಸಿದರು. ಅಣಕ ಮತ್ತು ಅಡ್ಡಹೆಸರುಗಳೇ ಅದರ ಸಾಮಾನ್ಯ ರೂಪಗಳಾಗಿದ್ದವು. ತಮ್ಮ ಮಗು ಪೀಡನೆಗೆ ಒಳಗಾಗಿದೆಯೆಂದು ತಿಳಿದಿದ್ದ ಪಾಲಕರು ಮಾತ್ರ ಸರಿಸುಮಾರು ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ಪಾಲಕರಿಗೆ ಅದರ ಸುಳಿವೇ ಇರಲಿಲ್ಲ. ಪೀಡಿತ ಮಕ್ಕಳಲ್ಲಿ ಖಿನ್ನತೆಯ ಭಾವ, ಒಂಟಿಯಾಗಿರುವ ಬಯಕೆ, ಬಟ್ಟೆ ಮೇಲಿಂದ ಮೇಲೆ ಹರಿಯುವುದು, ಶಾಲೆಯ ಭಯ, ವಾಂತಿ, ನಿದ್ರಾಭಂಗ ಇವು ಹೆಚ್ಚಾಗಿ ಕಂಡುಬಂದಿದ್ದವು. ಮಗು ಬಾಯಿಂದ ಹೇಳದ್ದನ್ನು ಅದರ ದೇಹವೂ ಬಟ್ಟೆಯೂ ಹೇಳುತ್ತಿದ್ದವೆಂದು ಇದರ ಅರ್ಥ.

ಮಗು ಏಕೆ ಹೇಳುವುದಿಲ್ಲ? ಹೇಳಿದರೆ ಪೀಡನೆ ಇಮ್ಮಡಿಯಾದೀತೆಂಬ ಭಯ ಒಂದು. ತಾನು ದುರ್ಬಲನೆಂದು ತಂದೆಯ ಎದುರು ಒಪ್ಪಿಕೊಳ್ಳಬೇಕಾದ ನಾಚಿಕೆ ಇನ್ನೊಂದು. ವಲಸೆ ಬಂದ ಕುಟುಂಬಗಳ ಮಕ್ಕಳಲ್ಲಿ ಮೂರನೆಯದೊಂದು ಕಾರಣವಿರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ತನ್ನ ತಾಯಿ ಶಾಲೆಗೆ ಬಂದು ಹರಕು ಮರಾಠಿಯಲ್ಲಿ ಮಾತನಾಡಿದರೆ ಆಕೆಯನ್ನೂ ನೋಡಿ ನಗುವರು ಎಂದು ಮಗುವಿಗೆ ಗೊತ್ತು. ಮೇಲಿನ ಹುಡುಗ ತಾಯಿಯನ್ನು ಬರಬೇಡವೆಂದದ್ದು ಅವಳನ್ನು ಕಾಪಾಡುವುದಕ್ಕಾಗಿ.

ಇವುಗಳ ಜೊತೆಗೆ ಹಿರಿಯರಾದ ನಾವೇ ಕಲಿಸಿದ ಪಾಠವೂ ಒಂದಿದೆ. ಚಿಕ್ಕಂದಿನಲ್ಲಿ ಮಗು ದೂರು ತಂದಾಗಲೆಲ್ಲ 'ಚಾಡಿ ಹೇಳಬಾರದು' ಎಂದು ಗದರಿಸಿರುತ್ತೇವೆ. ಇನ್ನೊಬ್ಬರಿಗೆ ಶಿಕ್ಷೆಯಾಗಲೆಂದು ಹೇಳುವುದು ಚಾಡಿ. ತನ್ನನ್ನು ಅಥವಾ ಇನ್ನೊಬ್ಬರನ್ನು ಕಾಪಾಡಲೆಂದು ಹೇಳುವುದು ದೂರು. ಈ ವ್ಯತ್ಯಾಸವನ್ನು ಆರು ವರ್ಷದ ಮಗುವೂ ಅರ್ಥಮಾಡಿಕೊಳ್ಳಬಲ್ಲುದು, ಹೇಳಿಕೊಟ್ಟರೆ.

'ಇದರಿಂದ ಮಗು ಗಟ್ಟಿಯಾಗುತ್ತದೆ'

ಆ ಹುಡುಗನ ತಂದೆ ಮೊದಲು ಹೇಳಿದ ಮಾತು ಇದೇ. ತಾವೂ ಇಂತಹುದನ್ನೆಲ್ಲ ಉಂಡೇ ಬೆಳೆದವರು ಎಂದರು. ಸಾವಿರಾರು ತಂದೆಯರು ಪ್ರಾಮಾಣಿಕವಾಗಿಯೇ ಹೀಗೆ ನಂಬಿದ್ದಾರೆ. ಆದರೆ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಲಾಗಿದೆ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಜನಿಸಿದ ಮಕ್ಕಳನ್ನು ಅವರ ಐವತ್ತನೆಯ ವಯಸ್ಸಿನವರೆಗೂ ಆಗಾಗ ವಿಚಾರಿಸುತ್ತ ಬಂದ ಒಂದು ದೀರ್ಘ ಅಧ್ಯಯನವಿದೆ. 7 ಮತ್ತು 11ನೆಯ ವಯಸ್ಸಿನಲ್ಲಿ ಈ ಮಕ್ಕಳು ಪೀಡನೆಗೆ ಒಳಗಾಗಿದ್ದರೇ ಎಂದು ಪಾಲಕರಿಂದ ತಿಳಿದುಕೊಳ್ಳಲಾಗಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪದೇ ಪದೇ ಪೀಡನೆಗೆ ಒಳಗಾಗಿದ್ದವರಲ್ಲಿ ನಲವತ್ತು ವರ್ಷಗಳ ಅನಂತರವೂ ಖಿನ್ನತೆ ಮತ್ತು ಆತಂಕ ಹೆಚ್ಚಾಗಿಯೇ ಕಂಡುಬಂದವು. ಪೀಡನೆಯನ್ನು ಸಹಿಸಿ ಬೆಳೆದ ಪ್ರತಿಯೊಬ್ಬರೂ ಹೀಗೆ ಬಾಧೆಪಡುತ್ತಾರೆಂದು ಇದರ ಅರ್ಥವಲ್ಲ. ಅನೇಕರು ಚೇತರಿಸಿಕೊಳ್ಳುತ್ತಾರೆ. ಆದರೆ ಅವರು ಗಟ್ಟಿಯಾದದ್ದು ಪೀಡನೆಯಿಂದ ಅಲ್ಲ, ಪೀಡನೆಯನ್ನು ಮೀರಿ.

'ತಿರುಗಿ ಹೊಡೆ, ತಾನೇ ಸುಮ್ಮನಾಗುತ್ತಾರೆ'

ತಂದೆ ಅನಂತರ ಕೊಟ್ಟ ಸಲಹೆ ಇದು. ಹುಡುಗ ಮಾರನೆಯ ದಿನ ಅದರಂತೆ ನಡೆದುಕೊಂಡ. ಆದರೆ ಅವರು ನಾಲ್ವರು, ಇವನೊಬ್ಬ. ಅಲ್ಲದೆ ಪೀಡಿಸುವವರು ಯಾರೂ ನೋಡದ ಸ್ಥಳವನ್ನು ಆರಿಸಿಕೊಳ್ಳುವುದರಲ್ಲಿ ಪಳಗಿರುತ್ತಾರೆ; ಪೀಡಿತ ಮಗು ತಾಳ್ಮೆಗೆಟ್ಟು ಎಲ್ಲರೆದುರಿಗೇ ಕೈಯೆತ್ತುತ್ತದೆ. ಅಂದು ಶಿಕ್ಷೆಯಾದದ್ದು ಈ ಹುಡುಗನಿಗೆ. ಬಲದ ಅಸಮಾನತೆಯೇ ಪೀಡನೆಯ ಮೂಲವಾಗಿರುವಾಗ ದುರ್ಬಲನಿಗೆ 'ಹೋರಾಡು' ಎಂದು ಹೇಳುವುದು ಕಾಯಿಲೆ ಬಿದ್ದವನಿಗೆ ಎದ್ದು ಓಡೆಂದು ಹೇಳಿದಂತೆ.

'ಕೈ ಕುಲುಕಿಸಿದರೆ ಮುಗಿಯಿತು'

ಇದು ಶಿಕ್ಷಕರಲ್ಲಿ ಹೆಚ್ಚಾಗಿ ಕಂಡುಬರುವ ಕಲ್ಪನೆ. ತರಗತಿಯ ಶಿಕ್ಷಕಿ, ಪುಣೆಯ ಮಕ್ಕಳ ಮಾತಿನಲ್ಲಿ 'ಬಾಯಿ', ಐವರನ್ನೂ ಮೇಜಿನ ಬಳಿ ನಿಲ್ಲಿಸಿ ಪರಸ್ಪರ ಕ್ಷಮೆ ಕೇಳಿಸಿ ಕೈ ಕುಲುಕಿಸಿದರು. ಆಕೆಯ ಉದ್ದೇಶ ಒಳ್ಳೆಯದೇ. ಆದರೆ ಜಗಳಕ್ಕೆ ಮಾಡುವ ರಾಜಿಯನ್ನು ಪೀಡನೆಗೆ ಅನ್ವಯಿಸಿದಾಗ ಪೀಡಿತ ಮಗುವೂ ಅರ್ಧ ತಪ್ಪಿತಸ್ಥನೆಂಬ ತೀರ್ಪು ಹೊರಬೀಳುತ್ತದೆ. ಅಷ್ಟೇ ಅಲ್ಲ, ಇವನು ಮನೆಯಲ್ಲಿ ಹೇಳಿದ್ದಾನೆಂಬುದು ನಾಲ್ವರಿಗೂ ತಿಳಿಯುತ್ತದೆ. ಅಂದು ಸಂಜೆ ಮನೆಗೆ ಮರಳುವ ಆಟೋರಿಕ್ಷಾದಲ್ಲಿ ಏನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಇಂತಹ ಪ್ರಸಂಗಗಳಲ್ಲಿ ಮಕ್ಕಳನ್ನು ಬೇರೆ ಬೇರೆಯಾಗಿ ಕರೆದು ಮಾತನಾಡಿಸುವುದೇ ಸರಿಯಾದ ಕ್ರಮ.

ಪೀಡಿಸುವ ಮಗುವಿನ ಬಗ್ಗೆ

ಪೀಡಿಸುವ ಮಗು ಒಳಗೊಳಗೆ ಪುಕ್ಕಲು ಎಂಬ ಮಾತನ್ನು ಕೇಳುತ್ತೇವೆ. ಓಲ್ವೇಯುಸ್ ಅವರ ಅಧ್ಯಯನದಲ್ಲಿ ಇದಕ್ಕೆ ಆಧಾರ ದೊರೆಯಲಿಲ್ಲ. ಅಂತಹ ಮಕ್ಕಳಲ್ಲಿ ಆತಂಕ ಇತರರಷ್ಟೇ ಅಥವಾ ಇತರರಿಗಿಂತ ಕಡಿಮೆಯಿತ್ತು. ಬಡವರ, ಓದು ಬಾರದವರ ಮಕ್ಕಳೇ ಹೀಗೆ ಮಾಡುವರೆಂಬುದು ಇನ್ನೊಂದು ಪೂರ್ವಗ್ರಹ. ಚೆನ್ನಾಗಿ ಓದುವ, ಶಿಕ್ಷಕರ ಎದುರು ವಿನಯದಿಂದಿರುವ, ಅನುಕೂಲಸ್ಥರ ಮಕ್ಕಳೂ ಪೀಡಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಇದಿಲ್ಲ ಎನ್ನುವವರೂ ಇದ್ದಾರೆ. ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ಸಹಶಿಕ್ಷಣವಿರುವ ಶಾಲೆಗಳಲ್ಲಿ ಪೀಡನೆಗೆ ಒಳಗಾಗುವುದರಲ್ಲಿ ಗಂಡು ಹೆಣ್ಣು ಮಕ್ಕಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಮಾತ್ರ ಅದು ಕಡಿಮೆಯಿತ್ತು.

ಪೀಡಿಸುವ ಮಗುವಿನ ಪಾಲಕರು ಸಾಮಾನ್ಯವಾಗಿ 'ನಮ್ಮ ಮಗ ಹಾಗೆ ಮಾಡುವವನಲ್ಲ' ಎಂದು ವಾದಿಸುತ್ತಾರೆ. ಅವರು ಒಂದು ಸಂಗತಿಯನ್ನು ತಿಳಿದಿರುವುದು ಒಳಿತು. 6ರಿಂದ 9ನೆಯ ತರಗತಿಯಲ್ಲಿ ಇತರರನ್ನು ಪೀಡಿಸುತ್ತಿದ್ದ ಹುಡುಗರನ್ನು ಓಲ್ವೇಯುಸ್ ಮುಂದೆಯೂ ಗಮನಿಸುತ್ತ ಹೋದರು. ಅವರಲ್ಲಿ ಸುಮಾರು ಶೇಕಡಾ 60 ಮಂದಿ 24ನೆಯ ವಯಸ್ಸಿಗೆ ಮುನ್ನ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಅಪರಾಧಿಗಳೆಂದು ಸಾಬೀತಾಗಿದ್ದರು. ಆದ್ದರಿಂದ ಸಕಾಲದಲ್ಲಿ ತಡೆಯುವುದು ಆ ಮಗುವಿಗೂ ಉಪಕಾರವೇ. ಆದರೆ ತಡೆಯುವುದೆಂದರೆ ಹೊಡೆಯುವುದಲ್ಲ. ಬಲವಿದ್ದವನು ಬಲವಿಲ್ಲದವನನ್ನು ಹೊಡೆಯಬಹುದೆಂಬ ಪಾಠವನ್ನೇ ಬೆತ್ತವೂ ಕಲಿಸುತ್ತದೆ.

ನೋಡುತ್ತ ನಿಂತವರು

ಪೀಡನೆ ಇಬ್ಬರು ಮಕ್ಕಳ ನಡುವಿನ ವ್ಯವಹಾರವೆಂದು ಭಾವಿಸುವುದೂ ತಪ್ಪು. ಕೆನಡಾದ ಟೊರಾಂಟೊ ನಗರದ ಶಾಲೆಗಳ ಆಟದ ಮೈದಾನಗಳಲ್ಲಿ ಮಕ್ಕಳಿಗೆ ಚಿಕ್ಕ ಧ್ವನಿಗ್ರಾಹಕಗಳನ್ನು ತೊಡಿಸಿ ದೂರದಿಂದ ಚಿತ್ರೀಕರಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಪೀಡನೆಯ ಬಹುತೇಕ ಪ್ರಸಂಗಗಳಲ್ಲಿ ಸುತ್ತಲೂ ಇತರ ಮಕ್ಕಳು ಇದ್ದರು. ಅವರಲ್ಲಿ ಯಾರಾದರೂ ಮಧ್ಯೆ ಪ್ರವೇಶಿಸಿದ್ದು ಐದರಲ್ಲಿ ಒಂದು ಸಲಕ್ಕೂ ಕಡಿಮೆ. ಆದರೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಪೀಡನೆ ಹತ್ತೇ ಸೆಕೆಂಡುಗಳಲ್ಲಿ ನಿಂತುಹೋಯಿತು. ಫಿನ್ಲೆಂಡ್ ದೇಶ 2009ರಿಂದ ತನ್ನ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ತಂದ 'ಕಿವಾ' ಕಾರ್ಯಕ್ರಮ ನೋಡುತ್ತ ನಿಂತ ಈ ಮಕ್ಕಳನ್ನೇ ಮುಖ್ಯವಾಗಿ ಉದ್ದೇಶಿಸಿದೆ.

ನೋಡುವವರಲ್ಲಿ ಹಿರಿಯರೂ ಸೇರುತ್ತಾರೆ. ಪುಣೆಗೆ ಸಮೀಪದ ಸಾತಾರಾದ ಸರ್ಕಾರಿ ಶಾಲೆಗೆ ಭೀಮರಾವ್ ಅಂಬೇಡ್ಕರ್ ಎಂಬ ಬಾಲಕ 1900ರ ನವೆಂಬರ್ 7ರಂದು ಸೇರಿದ. ಮಹಾರಾಷ್ಟ್ರದಲ್ಲಿ ಆ ದಿನವನ್ನು ವಿದ್ಯಾರ್ಥಿ ದಿನವೆಂದು ಆಚರಿಸಲಾಗುತ್ತಿದೆ. ತರಗತಿಯಲ್ಲಿ ಬೇರೆಯಾಗಿ ಕುಳಿತುಕೊಳ್ಳಲು ತಾವೇ ಗೋಣಿತಟ್ಟನ್ನು ಒಯ್ಯಬೇಕಾಗಿದ್ದುದನ್ನು, ಜವಾನನಿಲ್ಲದ ದಿನ ಕುಡಿಯಲು ನೀರೂ ದೊರೆಯದಿದ್ದುದನ್ನು ಡಾ. ಅಂಬೇಡ್ಕರ್ ಅವರು ಮುಂದೆ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾರೆ. ಅದು ಸಹಪಾಠಿಗಳು ತಾವಾಗಿ ಆರಂಭಿಸಿದ ಕೀಟಲೆಯಲ್ಲ, ಹಿರಿಯರು ಹಾಕಿಕೊಟ್ಟ ಕಟ್ಟಳೆ. ಇಂದು ತರಗತಿಯಲ್ಲಿ ಒಂದು ಮಗುವನ್ನು ಅದರ ಜಾತಿ, ಬಣ್ಣ ಅಥವಾ ಭಾಷೆಗಾಗಿ ಹಂಗಿಸುವ ಮಕ್ಕಳು ಆ ಮಾತನ್ನು ಎಲ್ಲಿ ಕಲಿತರೆಂದು ಹುಡುಕಿ ಹೊರಟರೆ ಮನೆಯ ಊಟದ ಪಂಕ್ತಿಯವರೆಗೆ ಬರಬೇಕಾಗುತ್ತದೆ.

ಶಾಲೆ ಏನು ಮಾಡಬಲ್ಲುದು?

ಮೇಲಿನ ಹುಡುಗನ ವಿಷಯ ಮುಂದೆ ಸುಧಾರಿಸಿತು, ಅದೂ ದೊಡ್ಡ ಉಪಾಯಗಳಿಂದಲ್ಲ. ತಾಯಿ ಮತ್ತೊಮ್ಮೆ ಶಾಲೆಗೆ ಹೋಗಿ, ಯಾವ ಯಾವ ದಿನ ಎಲ್ಲೆಲ್ಲಿ ಏನಾಯಿತೆಂದು ಬರೆದಿಟ್ಟುಕೊಂಡಿದ್ದ ಒಂದು ಹಾಳೆಯನ್ನು ಶಿಕ್ಷಕಿಯ ಕೈಗಿತ್ತರು. ಅದರಲ್ಲಿ ಮೂರೇ ಸ್ಥಳಗಳು ಮರಳಿ ಮರಳಿ ಬಂದಿದ್ದವು: ಶೌಚಾಲಯದ ಹಿಂಬದಿ, ಮಧಲಿ ಸುಟ್ಟಿಯ ಅಂದರೆ ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ ಮೆಟ್ಟಿಲಿನ ಕೆಳಗೆ, ಮತ್ತು ಆಟೋರಿಕ್ಷಾ. ಹುಡುಗ ಸಂಜೆ ಮನೆಯ ಶೌಚಾಲಯಕ್ಕೆ ಓಡಿಬರುತ್ತಿದ್ದ ಕಾರಣ ತಾಯಿಗೆ ಆಗ ತಿಳಿಯಿತು. ಶಿಕ್ಷಕಿ ಬಿಡುವಿನ ವೇಳೆಯಲ್ಲಿ ತಮ್ಮ ಕುರ್ಚಿಯನ್ನು ಮೆಟ್ಟಿಲ ಬಳಿಗೆ ಸಾಗಿಸಿದರು. ರಿಕ್ಷಾದ 'ಕಾಕಾ' ಅವನನ್ನು ಮುಂದೆ ತಮ್ಮ ಹತ್ತಿರ ಕೂರಿಸಿಕೊಳ್ಳತೊಡಗಿದರು. ಇಬ್ಬರು ಸಮಾಧಾನಿ ಹುಡುಗರಿಗೆ ಊಟದ ವೇಳೆ ಇವನ ಜೊತೆಗಿರುವಂತೆ ಹೇಳಲಾಯಿತು. ನಾಲ್ವರ ಪಾಲಕರನ್ನು ಬೇರೆ ಬೇರೆ ದಿನ ಕರೆಸಲಾಯಿತು. ಒಬ್ಬರು ಜಗಳವಾಡಿದರು, ಮೂವರು ಕೇಳಿಸಿಕೊಂಡರು. ಅಡ್ಡಹೆಸರು ಮಾತ್ರ ಇನ್ನೂ ಒಂದು ವರ್ಷ ಉಳಿಯಿತು.

ಕಾನೂನು ಮತ್ತು ದೂರು

ರ‍್ಯಾಗಿಂಗ್ ಕುರಿತ ಕಾನೂನು ಕಾಲೇಜುಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬ ಅಭಿಪ್ರಾಯವಿದೆ. ಮಹಾರಾಷ್ಟ್ರದ 1999ರ ರ‍್ಯಾಗಿಂಗ್ ನಿಷೇಧ ಅಧಿನಿಯಮದಲ್ಲಿ 'ಶಿಕ್ಷಣ ಸಂಸ್ಥೆ' ಎಂಬ ಪದದ ವ್ಯಾಖ್ಯೆ ವಿಶಾಲವಾಗಿದ್ದು, ಶಿಕ್ಷಣ ನೀಡುವ ಇತರ ಸಂಸ್ಥೆಗಳೂ ವಿದ್ಯಾರ್ಥಿನಿಲಯಗಳೂ ಅದರಲ್ಲಿ ಸೇರುತ್ತವೆ. ದೂರು ಬಂದ ಏಳು ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಣೆ ನಡೆಸಬೇಕೆಂದು ಅದು ವಿಧಿಸುತ್ತದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2015ರಲ್ಲಿ ತನ್ನ ಶಾಲೆಗಳಿಗೆ ಪೀಡನೆ ತಡೆ ಸಮಿತಿಗಳನ್ನು ರಚಿಸುವಂತೆ ಮಾರ್ಗಸೂಚಿ ನೀಡಿದೆ. ತಪ್ಪು ಮಾಡಿದವರೂ ಮಕ್ಕಳೇ ಆದ್ದರಿಂದ ಮೊದಲ ಹೆಜ್ಜೆ ಶಾಲೆಯಲ್ಲಿಯೇ ಇಡುವುದು ಯುಕ್ತ.

ದೂರನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಬರೆದು ಕೊಡುವುದು ಮೇಲು. ದಿನಾಂಕ, ಸ್ಥಳ, ನಡೆದ ಸಂಗತಿ, ನೋಡಿದವರು ಇಷ್ಟು ಸಾಕು, ವಿಶೇಷಣಗಳು ಬೇಡ. ಮೊಬೈಲಿನಲ್ಲಿ ಬಂದ ಅವಮಾನಕರ ಸಂದೇಶಗಳಿದ್ದರೆ ಅಳಿಸದೆ ಇಟ್ಟುಕೊಳ್ಳಬೇಕು. ಮುಖ್ಯೋಪಾಧ್ಯಾಯರಿಂದ ಸ್ವೀಕೃತಿ ಪಡೆದು ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಉತ್ತರ ಬಾರದಿದ್ದಲ್ಲಿ ಶಿಕ್ಷಣಾಧಿಕಾರಿಗಳಿಗೆ ಬರೆಯಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಪಾಲಕರಂತೆ ಮಗುವೂ ಕರೆ ಮಾಡಬಹುದು. 2023ರಿಂದ ಅದರ ನಿರ್ವಹಣೆ ರಾಜ್ಯ ಸರ್ಕಾರಗಳ ಕೈಯಲ್ಲಿದೆ. ಮಗು ಊಟ, ನಿದ್ರೆ, ಮಾತು ಬಿಟ್ಟಿದ್ದರೆ ಅಥವಾ ಬದುಕುವುದೇ ಬೇಡವೆಂಬಂತೆ ಮಾತನಾಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಮಾನಸಿಕ ಆರೋಗ್ಯದ ಸಲಹೆ ಕನ್ನಡದಲ್ಲಿಯೂ ದೊರೆಯುತ್ತದೆ.

ಮರಾಠಿ ಬರೆಯಲು ಬಾರದೆಂಬ ಕಾರಣಕ್ಕೆ ದೂರು ಕೊಡಲು ಹಿಂಜರಿಯುವ ಕನ್ನಡಿಗರು ಪುಣೆಯಲ್ಲಿ ಕಡಿಮೆಯಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಹಕ್ಕು ನೀಡಿದೆ. ಆ ತಾಯಿ ಶಿಕ್ಷಕಿಗೆ ಕೊಟ್ಟ ಹಾಳೆ ಕನ್ನಡದಲ್ಲಿತ್ತು. ಅದನ್ನು ಓದಿ ಮರಾಠಿಯಲ್ಲಿ ಹೇಳಿದ್ದು ಅದೇ ಶಾಲೆಯ ಏಳನೆಯ ತರಗತಿಯ, ಸೊಲ್ಲಾಪುರದ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ.